ಅತ್ತೆಯ ಹಿತ್ತಲು, ಹೆದರಿದ ಪೇರಲ ಗಿಡ

ಹಣ್ಣು ತಿಂದವರಿಗೆ ಬೀಜ ಉಗುಳಿದರೆ ಅಲ್ಲಿಗೆ ಮುಗಿಯಿತು. ನಮ್ಮತ್ತೆಗೆ ಅಲ್ಲಿಂದಲೇ ಶುರು. ಎಪ್ಪತ್ತರ ದಶಕದಲ್ಲಿ ನಾನು ಯರಗುಪ್ಪಿಗೆ ಸೊಸೆಯಾಗಿ ಬಂದಾಗಿನಿಂದ ಅವರ ಹಿತ್ತಲಲ್ಲಿ ಒಂದಿಲ್ಲೊಂದು ಫಜೀತಿ ನಡೆಯುತ್ತಲೇ ಇತ್ತು. ಹೆಚ್ಚಿನವಕ್ಕೆ ಕಾರಣ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

೧. ಕನ್ಯೆ ನೋಡಿದ್ದು

ಅತ್ತೆ, ಮಾವ ನನ್ನನ್ನು ನೋಡಲು ದೇವಿಕೊಪ್ಪದ ನಮ್ಮ ಮನೆಗೆ ಬಂದಿದ್ದರು. ಅವ್ವ ಸೀತಾಫಲ ಕೊಟ್ಟಳು. ಅತ್ತೆ ತಲೆ ಎತ್ತದೆ ತಿಂದರು. ಬೀಜಗಳನ್ನು ಒಂದೊಂದೇ ಒರೆಸಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು. ನನ್ನ ಮುಖ ನೋಡಿದ್ದನ್ನೇ ಯಾರೂ ಕಾಣಲಿಲ್ಲ. ಅವರು ಹೊರಡುವಾಗ ಅಪ್ಪ ತಡೆಯಲಾರದೆ, "ಹೆಂಗ ಅನಿಸ್ತ್ರಿ?" ಎಂದು ಕೇಳಿದ.

"ಅಗದಿ ಸಿಹಿ ಐತ್ರಿ," ಎಂದರು ಅತ್ತೆ. ಆಮೇಲೆ ನೆನಪಾಗಿ, "ಹುಡುಗೀನೂ ಛಲೋ ಅದಾಳ್ರಿ," ಎಂದರು.

೨. ಕಳೆ

ಹಿತ್ತಲ ತುಂಬ ಒಡೆದ ಗಡಿಗೆ, ತಗಡಿನ ಡಬ್ಬಿ. ಯಾವುದರಲ್ಲಿ ಯಾವ ಬೀಜ ಎಂಬುದು ಅತ್ತೆಯೊಬ್ಬರಿಗೇ ಗೊತ್ತು. ಬಂದ ಮೊದಲ ವಾರ, ಶಹಬ್ಬಾಸ್ ಅನ್ನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ, ಕಳೆ ಎಂದುಕೊಂಡು ಎಂಟು ಲಿಂಬೆ ಸಸಿ ಕಿತ್ತೆ. ಕೈಗೆ ಹತ್ತಿದ ವಾಸನೆಯಿಂದ ತಪ್ಪು ತಿಳಿಯಿತು. ಗಾಬರಿಯಾಗಿ ಎಲ್ಲವನ್ನೂ ಮತ್ತೆ ಮಣ್ಣಿಗೆ ಸಿಕ್ಕಿಸಿದೆ. ಮರುದಿನ ಎಂಟೂ ಜೋತುಬಿದ್ದಿದ್ದವು.

ಅತ್ತೆ ಸಸಿಗಳನ್ನು ನೋಡಿದರು, ನನ್ನನ್ನು ನೋಡಿದರು. "ನಿನ್ನಂಗ ಇವಕ್ಕೂ ತವರ ನೆನಪಾಗೇತಿ ಕಾಣತೈತಿ. ಒಂದ ತಂಬಗಿ ನೀರ ಹಾಕು," ಎಂದರು. ಅವತ್ತು ಅವರ ಮೇಲೆ ಹುಟ್ಟಿದ ಪ್ರೀತಿ ಇನ್ನೂ ಕಡಿಮೆಯಾಗಿಲ್ಲ.

ಮೂರು ಸಸಿ ಬದುಕಿದವು. ನನ್ನ ಕೈಗೆ ಮಾತ್ರ ಮೂರು ತಿಂಗಳು ಕಳೆ ತೆಗೆಯುವ ಕುರ್ಪಿ ಕೊಡಲಿಲ್ಲ.

೩. ಬೆದರಿಕೆ

ಅತ್ತೆಯ ಜೀವವೆಲ್ಲ ಬೀಜದಿಂದ ಬೆಳೆಸಿದ ಒಂದು ಪೇರಲ ಗಿಡದ ಮೇಲೆ. ಐದು ವರ್ಷವಾದರೂ ಅದು ಒಂದು ಹೂವನ್ನೂ ಬಿಟ್ಟಿರಲಿಲ್ಲ. ಅದನ್ನು ಕಡಿದು ಅಲ್ಲಿ ಎಮ್ಮೆ ಕಟ್ಟಬೇಕೆಂದು ಮಾವ ಹಟ ಹಿಡಿದರು.

"ಒಂದ ಸಲ ಹೆದರಿಸಿ ನೋಡೂಣ್ರಿ. ಬರೂ ವರ್ಷಾನೂ ಬಿಡಲಿಲ್ಲಂದ್ರ ಕಡೀರಿ," ಎಂದು ಅತ್ತೆ ಬೇಡಿಕೊಂಡರು.

ಕಾಯಿ ಬಿಡದ ಗಿಡವನ್ನು ಹೆದರಿಸುವ ಪದ್ಧತಿ ಹೀಗೆ: ಒಬ್ಬರು ಕೊಡಲಿ ಎತ್ತಿ ಕಡಿಯುತ್ತೇನೆ ಎನ್ನಬೇಕು, ಇನ್ನೊಬ್ಬರು ಗಿಡದ ಪರವಾಗಿ ಬೇಡಿಕೊಳ್ಳಬೇಕು. ಕೊಡಲಿ ಮಾವನ ಪಾಲಿಗೆ. ಅತ್ತೆಗೆ ನೋಡಲೂ ಧೈರ್ಯವಿಲ್ಲದ್ದರಿಂದ ಬೇಡುವ ಕೆಲಸ ನನ್ನ ಪಾಲಿಗೆ ಬಂತು. ಕಷ್ಟವೇನೆಂದರೆ, ಮದುವೆಯಾಗಿ ಏಳು ತಿಂಗಳಾದರೂ ನಾನು ಮಾವನ ಎದುರು ಒಂದು ಮಾತೂ ಆಡಿರಲಿಲ್ಲ. ಆಗ ಸೊಸೆಯಂದಿರು ಹಾಗೇ ಇರಬೇಕಿತ್ತು.

"ಹಣ್ಣ ಬಿಡ್ತೀಯೋ, ಕಡೀಲೋ?" ಎಂದು ಮಾವ ಗಿಡಕ್ಕೆ ಗುಡುಗಿದರು.

"ಬ್ಯಾಡ್ರಿ ಮಾವಾರ" ಎನ್ನಬೇಕು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಮಾವ ಮತ್ತೊಮ್ಮೆ ಕೇಳಿದರು.

"ಬಾಯಿ ತಗೀ ಯವ್ವಾ!" ಎಂದು ಅತ್ತೆ ಕಣ್ಣು ಮುಚ್ಚಿಕೊಂಡೇ ಗೋಗರೆದರು.

"ಇದರ ಪರ ಯಾರೂ ಇಲ್ಲ ಅಂದಂಗಾತು," ಎಂದು ಮಾವ ಕೊಡಲಿಯನ್ನು ನಿಜವಾಗಿಯೇ ಬೀಸಿದರು.

ನಾನು ಹಾರಿ ಅದರ ಹಿಡಿಕೆ ಹಿಡಿದೆ. "ಏ! ಕೊಡ್ಲಿ ಇಡ್ತೀಯೋ, ಕೈ ಮುರೀಲೋ?"

ಮಾವ ಕೊಡಲಿಯನ್ನು ಮೆಲ್ಲಗೆ ನೆಲಕ್ಕಿಟ್ಟು ಒಳಗೆ ಹೋದರು. ನಾನು ಅತ್ತೆಯ ಹೆಗಲ ಮೇಲೆ ಬಿದ್ದು ಅತ್ತುಬಿಟ್ಟೆ. ಎರಡು ದಿನ ಮಾವನ ಕಣ್ಣಿಗೆ ಬೀಳಲಿಲ್ಲ.

ಮುಂದಿನ ವರ್ಷ ಆ ಗಿಡ ಟೊಂಗೆ ಬಾಗುವಷ್ಟು ಕಾಯಿ ಬಿಟ್ಟಿತು. ಅತ್ತೆ ಕಣ್ಣು ಒರೆಸಿಕೊಳ್ಳುತ್ತ ಮೊದಲ ಹಣ್ಣು ಕೊಯ್ದು, ಎರಡು ಹೋಳು ಮಾಡಿ ನನಗೂ ಮಾವನಿಗೂ ಕೊಟ್ಟರು.

ಮಾವ ಅಗಿಯುತ್ತ ಗಿಡದ ಕಡೆ ನೋಡಿದರು. "ಬೈಸಿಕೊಂಡಾಂವ ನಾನು," ಎಂದರು, "ಹೆದರಿ ಹಣ್ಣ ಬಿಟ್ಟದ್ದು ಇದು!"