ಕಾಕಾನ ಕೆಂಪು ನೆಲ

ಶಲವಡಿಯ ನಮ್ಮ ಕಾಕಾ ಹಾವಿಗೆ ಹೆದರುತ್ತಿರಲಿಲ್ಲ, ಪೊಲೀಸರಿಗೆ ಹೆದರುತ್ತಿರಲಿಲ್ಲ. ತನ್ನ ಮನೆಯ ನೆಲಕ್ಕೆ ಹೆದರುತ್ತಿದ್ದ! ನಗಿರಿ, ಅಡ್ಡಿಯಿಲ್ಲ. ಆದರೆ ಇದರಲ್ಲಿ ನಾನು ಕಂಡದ್ದೆಷ್ಟು, ಮಂದಿ ಹೇಳಿದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ. ಆಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಎಲ್ಲವನ್ನೂ ಸಂಶಯಿಸಲು ಕಲಿತು, ಕೊನೆಗೆ ನನ್ನ ನೆನಪನ್ನೂ ಸಂಶಯಿಸುವವನಾದೆ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕಾಕಾ, ಸೆಗಣಿಯಿಂದ ಸಾರಿಸುವ ಮಣ್ಣಿನ ನೆಲ ತೆಗೆದು ಮನೆಗೆಲ್ಲ ಸಿಮೆಂಟ್ ಹಾಕಿಸಿದ. ಮೇಲೆ ಕಾವಿ ಬಣ್ಣದ ಪುಡಿ ಕಲಸಿದ ಪದರು. ಗಾರೆ ಕೆಲಸದ ಗೌಂಡಿ ತಿಕ್ಕಿದ್ದು ಸಾಲದೆಂದು, ತಾನೇ ಮೇಣ ಕಾಯಿಸಿ, ಕೊಬ್ಬರಿ ಎಣ್ಣೆ ಬೆರೆಸಿ, ಹಳೆಯ ಧೋತರದ ಚಿಂದಿಯಿಂದ ಉಜ್ಜಿದ. ಉಜ್ಜಿದ, ಉಜ್ಜಿದ! ಮನೆಯಲ್ಲಿ ತಲೆಗೆ ಎಣ್ಣೆ ಇಲ್ಲ, ನೆಲಕ್ಕುಂಟು.

ಅಲ್ಲಿಂದ ಶುರುವಾಯಿತು ದಿಗಿಲು. ನಮ್ಮದು ಎರೆ ಭೂಮಿ, ಕಪ್ಪು ಜಿಗುಟು ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಟ್ಟಿತೆಂದರೆ ಮೇಲಿನ ಸಿಮೆಂಟೂ ಸೀಳುತ್ತದೆ. ಕಾಕಾ ಬೆಳಗೆದ್ದು ಬೋರಲು ಮಲಗಿ ನೆಲಕ್ಕೆ ಕಿವಿಯಿಡುತ್ತಿದ್ದ.

"ಏನ್ ನಡಸೀರಿ?" ಎಂದಳು ಕಾಕಾನ ಹೆಂಡತಿ, ನಮ್ಮ ಚಿಗವ್ವ.

"ಸುಮ್ಕಿರು. ಬಿರಕ ಬಿಡೂ ಸಪ್ಪಳ ಕೇಳಾಕತ್ತೈತಿ."

"ಅದು ನಿಮ್ಮ ಹೊಟ್ಟಿ ಸಪ್ಪಳರಿ. ಎದ್ದು ರೊಟ್ಟಿ ತಿನ್ರಿ."

ದಪ್ಪನೆಯ ಬೀಗರೊಬ್ಬರು ಬಂದಾಗಲಂತೂ ಕಾಕಾ ಬಾಗಿಲಿಗೇ ಅಡ್ಡ ನಿಂತ. "ಇಲ್ಲೇ ಕಟ್ಟಿ ಮ್ಯಾಲೆ ಕುಂದರ್ರಿ, ಅಗದಿ ಚಲೋ ಗಾಳಿ!" ಆ ಉರಿಬಿಸಿಲಿನಲ್ಲಿ ಎಲ್ಲಿಯ ಗಾಳಿ?

ಆದರೆ ನಿಜವಾದ ಗಂಡಾಂತರ ಮನೆಯೊಳಗೇ ಇತ್ತು: ನಮ್ಮ ಆಯಿ, ಕಾಕಾನ ಅವ್ವ. ಸಾರಿಸದ ನೆಲದಲ್ಲಿ ಆಕೆ ದೇವರಿಗೆ ದೀಪ ಹಚ್ಚುವವಳಲ್ಲ, ಉಣ್ಣುವವಳೂ ಅಲ್ಲ. ಕಾಕಾ ಹೊಲಕ್ಕೆ ಹೋದದ್ದೇ ತಡ, ಪಡಸಾಲೆಗೆಲ್ಲ ಸೆಗಣಿ ಬಳಿದುಬಿಟ್ಟಳು!

"ಯವ್ವಾ! ಇದೇನ್ ಮಾಡೀಬೇ?" ಎಂದ, ಹೊಲದಿಂದ ಬಂದ ಕಾಕಾ.

"ಯಾರೋ ಎಣ್ಣಿ ಚೆಲ್ಲಿದ್ರು. ಸಾರಿಸೇನಿ."

ಮೇಣದ ನೆಲಕ್ಕೆ ಸೆಗಣಿ ಅಂಟೀತೆ? ಒಣಗಿ ಹಪ್ಪಳದಂತೆ ಎದ್ದಿತು. ಕಾಕಾ ಗುಡಿಸಿ ಹೊರಗೆ ಹಾಕಿದ. ಆಯಿ ನೋಡುತ್ತಲೇ ನಿಂತಿದ್ದಳು.

"ನನ್ನ ಕೈಕೆಲಸ ಬ್ಯಾಡಾದ ಮನ್ಯಾಗ ನಾ ಯಾಕಿರ್ಲಿ? ನಾಳೆ ಗುಡಗೇರಿಗೆ, ಮಗಳ ಮನಿಗೆ ಹೊಕ್ಕೇನಿ," ಎಂದು ಗಂಟು ಕಟ್ಟಿದಳು.

ಕಾಕಾ ಆ ಗಂಟು ಹಿಡಿದುಕೊಂಡ. ಅವ್ವನನ್ನು ಬಿಟ್ಟು ಆತ ಎಂದೂ ಇದ್ದವನಲ್ಲ. "ಹೋಗಬ್ಯಾಡಬೇ" ಎಂದು ಅಂಗಲಾಚಿದ.

"ನಿನ್ನ ನೆಲಾ ನೀನ ನೆಕ್ಕೋತ ಕುಂಡ್ರು!"

ಮರುದಿನ ಆಯಿ ಓಣಿಯವರಿಗೆ ಹೇಳಿ ಬರಲು ಹೋಗಿದ್ದಳು. ತಿರುಗಿ ಬಂದಾಗ ದೇವರ ಕೋಣೆಯಲ್ಲಿ ಕೆಂಪು ನೆಲವೇ ಇಲ್ಲ. ಕಾಕಾ ಮೈತುಂಬ ಧೂಳು ಮಾಡಿಕೊಂಡು, ಮೊಣಕಾಲೂರಿ ಮಣ್ಣು ತಟ್ಟುತ್ತಿದ್ದ.

"ಮಣ್ಣು ಇನ್ನಾ ಹಸೀ ಐತಿ. ಒಣಗಿದ ಮ್ಯಾಲೆ ಸಾರಿಸ್ಯಂತಿ," ಎಂದ, ತಲೆಯೆತ್ತದೆ.

ಆಯಿ ಸೆಗಣಿ ತರಲು ದನದ ಕೊಟ್ಟಿಗೆಗೆ ಹೋದಳು.

ಆ ನೆಲ ಒಡೆದ ಸಪ್ಪಳ ನನಗೆ ಈಗಲೂ ಕೇಳಿಸುತ್ತದೆ. ಅಂದು ನಾನು ಊರಲ್ಲೇ ಇರಲಿಲ್ಲ ಎನ್ನುತ್ತಾಳೆ ಚಿಗವ್ವ. ಕಾಕಾನನ್ನು ಕೇಳಿದರೆ, "ನಾ ಯಾಕ ಒಡೀಲಿ? ಅದು ತಾನ ಬಿರಕ ಬಿಟ್ಟಿತ್ತಲೇ" ಎಂದುಬಿಟ್ಟ. ಎಷ್ಟೋ ವರ್ಷಗಳ ಮೇಲೆ ಹೋಗಿ, ಆ ಕೋಣೆಯ ಹೊಸ್ತಿಲಲ್ಲಿ ಕೂತು ನೋಡಿದೆ. ಎರೆ ಭೂಮಿಯ ಬಿರುಕು ಸೊಟ್ಟಸೊಟ್ಟ ಹೋಗುತ್ತದೆ. ಅಲ್ಲಿ ಪಡಸಾಲೆಯ ಸಿಮೆಂಟು ನೆಟ್ಟಗೆ ತುಂಡಾಗಿದೆ. ಅಂಚಿನುದ್ದಕ್ಕೂ ಹಾರೆಯ ಏಟಿನ ಗುರುತುಗಳಿವೆ.