ಗೇಟಣ್ಣನ ಕಾವಲು

ಅಂಗಡಿಯಲ್ಲಿ ಕೆಲಸ ಮಾಡೋರಿಗೆ ಸಂಬಳ ತಿಂಗಳಿಗೊಂದು ಸಲ ಬರುತ್ತೆ, ತಮಾಷೆ ಮಾತ್ರ ದಿನಾ ಬರುತ್ತೆ ಕಣ್ರೀ. ಬಾಗಿಲಲ್ಲಿ ನಮ್ಮ ಗೇಟಣ್ಣನಂಥ ಸೆಕ್ಯೂರಿಟಿ ಕೂತಿದ್ದರಂತೂ ದಿನಕ್ಕೆ ಎರಡು ಸಲ ಬರುತ್ತೆ.

ನಾನು ತಿಪಟೂರಿನ ಒಂದು ಮಾರ್ಟಿನಲ್ಲಿ ಆರು ವರ್ಷದಿಂದ ಇದ್ದೀನಿ. ಊರು ಹಾಲ್ಕುರಿಕೆ ಹತ್ತಿರ. ಬೆಳಿಗ್ಗೆ ಬಸ್ಸಲ್ಲಿ ಬರೋದು, ಸಂಜೆ ಬಸ್ಸಲ್ಲಿ ಹೋಗೋದು. ಏಲಕ್ಕಿ, ಲವಂಗ, ಗೋಡಂಬಿ, ಬಾದಾಮಿ, ಕೇಸರಿ ಇರೋ ರ‍್ಯಾಕು ನನ್ನ ಜವಾಬ್ದಾರಿ. ಎಲ್ಲಾ ಬೊಗಸೆಯಲ್ಲಿ ಅಡಗೋ ಸಾಮಾನು, ಬೆಲೆ ಕೇಳಿದ್ರೆ ಮಾತ್ರ ಎದೆ ಝಲ್ ಅನ್ನುತ್ತೆ. ಹೋದ ವರ್ಷ ಅದರಲ್ಲಿ ಎರಡು ಕೇಸರಿ ಡಬ್ಬಿ ಕಾಣೆಯಾದವು. ಯಜಮಾನರು ನನ್ನ ಕರೆದು, "ನಿನ್ನ ಮೇಲೆ ನನಗೇನೂ ಅನುಮಾನ ಇಲ್ಲಮ್ಮ, ಆದ್ರೆ..." ಅಂದರು. ಆ 'ಆದ್ರೆ' ಇದೆಯಲ್ಲ, ಅದರ ಬದಲು ನಾಲ್ಕು ಬೈದಿದ್ದರೇ ವಾಸಿಯಾಗಿತ್ತು. ಹಿಂಗೇ ಕಡಿಮೆ ಬರ್ತಾ ಹೋದರೆ ಬೇರೆ ಕಡೆ ಕೆಲಸ ನೋಡ್ಕೋಬೇಕಾಗುತ್ತೆ ಅಂತಲೂ ಸೇರಿಸಿದರು. ಮಗಳ ಕಾಲೇಜು ನಡೀತಿರೋದೇ ಈ ಕೆಲಸದಲ್ಲಿ. ಅದು ಹೋಗ್ಲಿ ಅಂದ್ರೂ, ಕಳ್ಳಿ ಅನ್ನಿಸ್ಕೊಂಡು ಅದೇ ಬಸ್ಸಲ್ಲಿ ಊರಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ? ನಾಚಿಕೆಗೆ ಈ ಮಾತನ್ನ ಯಾರಿಗೂ ಹೇಳಲಿಲ್ಲ.

ಅದಾದ ವಾರಕ್ಕೇ ಯಜಮಾನರು ಗೇಟಣ್ಣನ್ನ ತಂದು ಬಾಗಿಲಲ್ಲಿ ಕೂರಿಸಿದರು. ಚಿಕ್ಕನಾಯಕನಹಳ್ಳಿ ಕಡೆಯವರು, ಅರವತ್ತರ ಹತ್ತಿರ ವಯಸ್ಸು. ಇಪ್ಪತ್ತು ವರ್ಷ ಯಜಮಾನರ ಅಪ್ಪನ ಕೊಬ್ಬರಿ ಗೋಡೌನು ಕಾದವರು. ಕೈಯಲ್ಲಿ ಒಂದು ನೋಟ್‌ಬುಕ್ಕು, ಕೊರಳಲ್ಲಿ ಒಂದು ಪೀಪಿ. ನನಗೆ ದೇವರೇ ಬಂದಂಗಾಯ್ತು.

ಒಳಗೆ ಹೋದ ಮುದ್ದೆ

ಬಂದ ಮೊದಲನೇ ದಿನವೇ ನನ್ನ ಊಟದ ಡಬ್ಬಿ ತೆಗೆಸಿದರು. ಮನೆಗೆ ಹೋಗುವಾಗ ಅಲ್ಲ, ಒಳಗೆ ಬರುವಾಗ.

"ಅಣ್ಣ, ಒಳಗೆ ತರೋದನ್ನ ಯಾಕೆ ನೋಡ್ತೀರಿ? ಹೊರಗೆ ಒಯ್ಯೋದನ್ನಲ್ವಾ ನೋಡ್ಬೇಕಾದ್ದು?" ಅಂದೆ.

"ಒಳೀಕೆ ಏನು ಬಂತು ಅಂತ ಗೊತ್ತಿದ್ರೆ ತಾನೇ ಕಣವ್ವ, ಈಚೆಗೆ ಏನು ಹೋಯ್ತು ಅಂತ ಗೊತ್ತಾಗೋದು?" ಅಂತ ಡಬ್ಬಿ ಮುಚ್ಚಳ ತೆಗೆದು, ಮೂಸಿ ನೋಡಿ, ನೋಟ್‌ಬುಕ್ಕಲ್ಲಿ ಬರೆದುಕೊಂಡರು. 'ರಾಗಿಮುದ್ದೆ ಒಂದು. ಉಪ್ಸಾರು. ಖಾರ ಬೇರೆ.'

ಸಂಜೆ ಹೊರಟೆ. ಡಬ್ಬಿ ತೆಗೆದರು, ಖಾಲಿ. ನೋಟ್‌ಬುಕ್ ತೆಗೆದರು, ಹುಬ್ಬು ಗಂಟಿಕ್ಕಿದರು.

"ಬೆಳಗ್ಗೆ ಮುದ್ದೆ ಒಂದು ಒಳೀಕೆ ಹೋಗೈತೆ. ಈಚೆಗೆ ಬಂದಿಲ್ವಲ್ಲ?"

"ಬಂದಿದೆ ಅಣ್ಣ, ನಿಮ್ಮ ಮುಂದೇ ನಿಂತಿದೆ. ನನ್ನ ಹೊಟ್ಟೇಲಿದೆ!"

ಅವರು ನಗಲಿಲ್ಲ. ನನ್ನನ್ನ ಕೆಳಗಿಂದ ಮೇಲೆ ಒಂದು ಸಲ ನೋಡಿ, ಕನ್ನಡಕ ಸರಿಮಾಡಿಕೊಂಡು, 'ಮುದ್ದೆ ಹೊಟ್ಟೆ ಮೂಲಕ ಹೋಯ್ತು' ಅಂತ ಬರೆದು ನನ್ನ ಕೈಲಿ ರುಜು ಹಾಕಿಸಿಕೊಂಡರು.

ಡಬ್ಬಿ ತೋರಿಸಬೇಕಾದ ಬೇರೆ ಕೆಲಸದವರೆಲ್ಲ ಉರಿದುಬಿದ್ದರು. ನಾನು ಮಾತ್ರ ಮನಸ್ಸಲ್ಲೇ ಕೈಮುಗಿದೆ. ಮುದ್ದೇನೇ ಬಿಡದ ಮನುಷ್ಯ ಕೇಸರಿ ಕಳ್ಳನ್ನ ಬಿಡ್ತಾನಾ? ಒಬ್ಬರೇ ಇದ್ದಾಗ ಹೋಗಿ, "ಅಣ್ಣ, ನನ್ನ ರ‍್ಯಾಕಲ್ಲಿರೋದೆಲ್ಲ ಬೆಲೆ ಬಾಳೋ ಸಾಮಾನು. ಸ್ವಲ್ಪ ಕಾಪಾಡಿ" ಅಂದೆ.

"ಬುಡವ್ವ. ಇವತ್ತಿಂದ ಅದು ನನ್ನ ಜವಾಬ್ದಾರಿ" ಅಂದರು.

ಆ ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಮೇಷ್ಟ್ರ ತೆಂಗಿನಕಾಯಿ

ತೆಂಗಿನ ಸೀಮೆ ತಿಪಟೂರಲ್ಲಿ ಮಾರ್ಟಿಗೆ ಹೋಗಿ ತೆಂಗಿನಕಾಯಿ ಕೊಳ್ತಾರಾ ಅಂತ ನಗಬೇಡಿ. ಬಾಡಿಗೆ ಮನೇಲಿರೋರು, ಕಾಲೇಜಿಗೆ ವರ್ಗವಾಗಿ ಬಂದೋರು ಕೊಳ್ತಾರೆ. ನಮ್ಮಲ್ಲೂ ಒಂದು ಕ್ರೇಟು ತುಂಬ ಇಟ್ಟಿರ್ತೀವಿ.

ಒಂದಿನ ಅಮ್ಮಸಂದ್ರದ ಕಡೆಯ ಮೇಷ್ಟ್ರೊಬ್ಬರು ಬಂದಿದ್ದರು. ಬಿಲ್ ಕೌಂಟರಿನ ಹುಡುಗಿ ಅವರ ಚೀಲದಲ್ಲಿ ಒಂದು ಕಾಯಿ ನೋಡಿ, "ಸಾರ್, ಇದು ಬಿಲ್ ಆಗಿಲ್ಲ" ಅಂದಳು. ಮೇಷ್ಟ್ರು ಕೆಂಪಾದರು. "ನಮ್ಮ ತೋಟದ್ದು ಕಣಮ್ಮ. ನೆಂಟರ ಮನೆಗೆ ಕೊಡೋಕೆ ತಂದಿರೋದು. ಮನೇಲಿ ಮುನ್ನೂರು ಮರ ಇಟ್ಕೊಂಡು ನಿಮ್ಮ ಕಾಯಿ ಕದಿಯೋಕೆ ಬರ್ಲಾ?"

ಗಲಾಟೆ ಕೇಳಿ ಗೇಟಣ್ಣ ಬಂದರು. ಮೇಷ್ಟ್ರ ಕೈಯಿಂದ ಕಾಯಿ ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿದರು. ಉಗುರಲ್ಲಿ ಟಕಟಕ ಅಂತ ಬಡಿದರು. ಆಮೇಲೆ ನಮ್ಮ ಕ್ರೇಟಿನಿಂದ ಒಂದು ತಂದು ಅದನ್ನೂ ಅಲ್ಲಾಡಿಸಿ ಬಡಿದರು. ಸಾಲಲ್ಲಿ ನಿಂತವರೆಲ್ಲ ಉಸಿರು ಬಿಗಿಹಿಡಿದು ನೋಡ್ತಿದ್ದಾರೆ.

"ಬುಡಿ ಅವರನ್ನ" ಅಂದರು ಗೇಟಣ್ಣ, ಇಡೀ ಅಂಗಡಿಗೆ ಕೇಳೋ ಹಂಗೆ. "ಇದು ನಮ್ಮದಲ್ಲ. ಚೆನ್ನಾಗಿ ಬಲಿತಿರೋ ಕಾಯಿ, ತಿರುಳು ದಪ್ಪ ಕೂತೈತೆ. ನಮ್ಮಂಗಡೀವು ಎಳೇವು, ಬಲಿಯೋಕೆ ಮುಂಚೆ ಕಿತ್ತಿರೋವು. ಒಡೆದ್ರೆ ಚಟ್ನಿಗೂ ಸಾಲಲ್ಲ. ನಮ್ಮ ಕಾಯಿ ಆಗಿದ್ರೆ ಇಷ್ಟು ಚೆನ್ನಾಗಿರ್ತಿತ್ತಾ?"

ಮೇಷ್ಟ್ರು ಎದೆ ಉಬ್ಬಿಸಿಕೊಂಡು ಹೊರಟರು. ಅವರ ಹಿಂದೆ ಸಾಲಲ್ಲಿದ್ದ ಮೂರು ಜನ ತಮ್ಮ ಬುಟ್ಟಿಯಿಂದ ಕಾಯಿ ತೆಗೆದು ಮೆಲ್ಲಗೆ ಕ್ರೇಟಿಗೆ ವಾಪಸ್ ಇಟ್ಟರು.

ಯಜಮಾನರು ತಲೆ ಚಚ್ಚಿಕೊಂಡರು. "ಅಲ್ಲಣ್ಣ, ಕಳ್ಳರಿಂದ ಅಂಗಡಿ ಕಾಪಾಡಿ ಅಂತ ಕೂರಿಸಿದ್ರೆ, ಅಂಗಡಿಯಿಂದ ಗಿರಾಕಿಗಳನ್ನ ಕಾಪಾಡ್ತಿದ್ದೀರಲ್ಲ!"

ಮಡಿಲಕ್ಕಿ

ಇಷ್ಟರಲ್ಲಿ ನನ್ನ ರ‍್ಯಾಕಿನ ಕಥೆ ಏನಾಯ್ತು ಅಂತೀರಾ? ಕಡಿಮೆಯಾಗೋದು ನಿಲ್ಲಲಿಲ್ಲ, ಇನ್ನೂ ಜಾಸ್ತಿಯಾಯ್ತು. ಏಲಕ್ಕಿ ಪ್ಯಾಕೆಟ್ಟು, ಬಾದಾಮಿ, ಉಳಿದ ಕೇಸರಿ. ಬೆಂಕಿ ಬಿದ್ದಂಗೆ ಖಾಲಿಯಾಗ್ತಿದೆ, ಬಿಲ್ಲು ಮಾತ್ರ ಇಲ್ಲ. ಯಜಮಾನರು ಈ ಸಲ 'ಆದ್ರೆ' ಅನ್ನಲಿಲ್ಲ. "ಬರೋ ಭಾನುವಾರ ಸ್ಟಾಕ್ ನೋಡ್ತೀನಿ. ಅವತ್ತೇ ಕೊನೆ" ಅಂದರು.

ನಾನು ಗೇಟಣ್ಣನ್ನೇ ನಂಬಿಕೊಂಡಿದ್ದೆ. ಅವರು ಪೀಪಿ ಊದಿದಾಗಲೆಲ್ಲ, ಸಿಕ್ಕಿಬಿದ್ದ ನನ್ನ ಕಳ್ಳ, ಅಂತ ಓಡಿಹೋಗಿ ನೋಡ್ತಿದ್ದೆ. ಹಂಗೆ ಓಡಿದಾಗ ಒಂದಿನ ಬಾಗಿಲಲ್ಲಿ ತುರುವೇಕೆರೆ ಕಡೆಯ ಒಬ್ಬ ಹೆಣ್ಮಗಳು ನಿಂತಿದ್ದಳು. ಸೋದರತ್ತೆ ಮನೆಗೆ ಬಂದು ಊರಿಗೆ ಹೊರಟವಳು, ದಾರೀಲಿ ಬಿಸ್ಕತ್ ತಗೊಳ್ಳೋಕೆ ಬಂದಿದ್ದಾಳೆ. ಸೆರಗಿನ ಮಡಿಲು ಇಷ್ಟು ದಪ್ಪ ಉಬ್ಬಿದೆ.

"ಏನೈತವ್ವ ಮಡಿಲಲ್ಲಿ?"

"ಅತ್ತೆ ಮಡಿಲು ತುಂಬಿದ್ದು ಕಣಣ್ಣ."

"ಬಿಚ್ಚಿ ತೋರ್ಸು."

"ಮಡಿಲಕ್ಕಿ ಬಿಚ್ಚೋದು ನಮ್ಮನೆ ದೇವರ ಮುಂದೆ, ನಿಮ್ಮ ಗೇಟಿನ ಮುಂದಲ್ಲ!"

ಭಲೆ ಹುಡುಗಿ ಅಂದ್ಕೊಂಡೆ. ಇವರು ಬಿಡರು, ಅವಳು ಬಿಚ್ಚಳು. ಕೊನೆಗೆ ನಾನೇ ಹೋಗಿ ಸೆರಗಿನ ಮೇಲಿಂದ ಮುಟ್ಟಿ ನೋಡಿದೆ. ಅಕ್ಕಿ, ಕಾಯಿ, ಬೆಲ್ಲದಚ್ಚು, ರವಿಕೆ ಕಣ. ಎಲ್ಲಾ ಮನೇದೇ.

ಗೇಟಣ್ಣನ ಮುಖ ಸಪ್ಪೆಯಾಯ್ತು. "ಮಡಿಲು ತುಂಬ್ಕೊಂಡ ಹೆಣ್ಮಗಳನ್ನ ಅಡ್ಡಗಟ್ಟಿಬುಟ್ಟೆನಲ್ಲ, ಶಿವನೇ" ಅಂತ ಒಳಗೆ ಓಡಿ, ತಮ್ಮ ಕಾಸಲ್ಲೇ ಒಂದು ರವಿಕೆ ಕಣ, ಅರ್ಧ ಕೇಜಿ ಸಕ್ಕರೆ ತಂದರು. ನನ್ನ ಕೈಯಲ್ಲಿ ಅವಳಿಗೆ ಅರಿಶಿನ ಕುಂಕುಮ ಕೊಡಿಸಿ ಅದನ್ನೂ ಮಡಿಲಿಗೆ ಹಾಕಿಸಿದರು. ಅವಳ ಕಣ್ಣಲ್ಲಿ ನೀರು ಬಂತು. "ತವರು ಮನೆ ಅಣ್ಣ ಕಂಡಂಗಾಯ್ತು" ಅಂದಳು.

ಅವಳು ಎರಡು ಹೆಜ್ಜೆ ಇಟ್ಟಿಲ್ಲ, ಪೀ... ಅಂತ ಪೀಪಿ!

"ತಡಿಯವ್ವ. ಈಗ ನಿನ್ನ ಮಡಿಲಲ್ಲಿ ನಮ್ಮಂಗಡಿ ಮಾಲೈತೆ. ಬಿಲ್ಲೆಲ್ಲಿ?"

ಬಿಲ್ಲು ಅವರ ಜೇಬಲ್ಲೇ ಇತ್ತು. ತಾವೇ ತೆಗೆದರು, ತಾವೇ ಓದಿದರು, ತಾವೇ ಪೆನ್ನಲ್ಲಿ ಗೀಟು ಹಾಕಿದರು, "ಸರಿ ಐತೆ, ಹೋಗವ್ವ" ಅಂದರು.

ನಿಂತ ಬಸ್ಸು

ಆ ವಾರ ಗುರುವಾರ ಕೆಲಸ ಮುಗಿಯೋದು ತಡವಾಯ್ತು. ಕೊನೇ ಬಸ್ಸು ತಪ್ಪಿದರೆ ನಮ್ಮೂರ ಕಡೆಗೆ ಆಮೇಲೆ ಬಸ್ಸಿಲ್ಲ. ಚೀಲ ಹಿಡ್ಕೊಂಡು ಓಡಿ ಬಂದರೆ, ಅಂಗಡಿ ಮುಂದೇನೇ ಬಸ್ಸು ನಿಂತಿದೆ. ಗೇಟಣ್ಣ ಅದರ ಮುಂದೆ ಎರಡೂ ಕೈ ಅಗಲಿಸಿ ನಿಂತಿದ್ದಾರೆ. "ನಮ್ಮ ಹುಡುಗಿ ಬತ್ತಾವ್ಳೆ, ಒಂದು ನಿಮಿಷ" ಅಂತ ಡ್ರೈವರಿಗೆ ಹೇಳ್ತಿದ್ದಾರೆ. ಹುಡುಗಿ ಅಂದ್ರೆ ನಾನು, ನಲವತ್ತಾರು ವರ್ಷದೋಳು. ಬಸ್ಸಿನ ತುಂಬ ಜನ ಕಿಟಕೀಲಿ ತಲೆ ಹಾಕಿ ನೋಡ್ತಿದ್ದಾರೆ.

ನಿಜವಾಗ್ಲೂ ನನ್ನೊಡಹುಟ್ಟಿದೋನೂ ನನಗಾಗಿ ಬಸ್ಸಿನ ಮುಂದೆ ನಿಂತಿಲ್ಲ ಕಣ್ರೀ. "ನಿಮ್ಮ ಋಣ ಹೆಂಗೆ ತೀರ್ಸ್ಲಿ ಅಣ್ಣ" ಅಂತ ಮೆಟ್ಟಿಲಿಗೆ ಕಾಲಿಟ್ಟೆ.

"ಅದಿರ್ಲಿ, ಡಬ್ಬಿ ತೆಗಿ" ಅಂದರು.

ಬಸ್ಸು ಇನ್ನೊಂದು ನಿಮಿಷ ನಿಂತಿತು.

ಅಟ್ಟ

ಭಾನುವಾರ ಬಂತು. ಯಜಮಾನರು ಪಟ್ಟಿ ಹಿಡಿದು ನನ್ನ ರ‍್ಯಾಕಿನ ಮುಂದೆ ನಿಂತರು. ಅರ್ಧಕ್ಕರ್ಧ ಇಲ್ಲ. ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು, "ಏಪ್ರನ್ ಬಿಚ್ಚಿಡಮ್ಮ" ಅಂದರು. ನಾನು ಜಗಳಗಂಟಿ, ಮಾತಿಗೆ ಮಾತು ಕೊಡೋಳು. ಅವತ್ತು ಮಾತ್ರ ಏಪ್ರನ್ ಗಂಟು ಕೈಲಿ ಹಿಡ್ಕೊಂಡು ಅಲ್ಲೇ ನಿಂತು ಗೊಳೋ ಅಂತ ಅತ್ತುಬಿಟ್ಟೆ.

ಗೇಟಣ್ಣ ಬಾಗಿಲು ಬಿಟ್ಟು ಓಡಿ ಬಂದರು. ನಾನು ಕಂಡಂಗೆ ಕಾಫಿಗೆ ಅಂತ ಬಾಗಿಲು ಬಿಟ್ಟವರಲ್ಲ.

"ಆಯಮ್ಮನ್ನ ಯಾಕೆ ಅಳಿಸ್ತೀರಿ ಸ್ವಾಮಿ?"

"ಮಾಲು ಹೋಗಿದೆ ಅಣ್ಣ. ಅವಳ ರ‍್ಯಾಕು, ಅವಳೇ ಹೊಣೆ."

"ಎಲ್ಲಿ ಹೋಗೈತೆ? ಒಂದೂ ಹೋಗಿಲ್ಲ. ಎಲ್ಲಾ ನಾನೇ ಎತ್ತಿಟ್ಟಿದೀನಿ. ಕೆಲಸದಿಂದ ತೆಗೆಯೋದಾದ್ರೆ ನನ್ನ ತೆಗೀರಿ, ಆಯಮ್ಮನ ತಂಟೆಗೆ ಬರಬೇಡಿ."

ನನ್ನ ಅಳು ಹಂಗೇ ನಿಂತುಹೋಯ್ತು. ಅವರು ನಮ್ಮನ್ನ ಹಿಂದಿನ ಗೋಡೌನಿಗೆ ಕರ್ಕೊಂಡು ಹೋಗಿ ಏಣಿ ಹಾಕಿದರು. ಮೇಲೆ ಹಳೇ ರಟ್ಟಿನ ಪೆಟ್ಟಿಗೆ ಬಿಸಾಡೋ ಅಟ್ಟ. ಹತ್ತಿ ನೋಡಿದರೆ, ಪೆಟ್ಟಿಗೆಗಳೆಲ್ಲ ಒಂದು ಮೂಲೆ ಸೇರಿವೆ. ಗುಡಿಸಿದ ಜಾಗದಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ನನ್ನ ಏಲಕ್ಕಿ, ನನ್ನ ಬಾದಾಮಿ, ನನ್ನ ಕೇಸರಿ. ಒಂದಕ್ಕೊಂದು ತಾಗದ ಹಾಗೆ, ಗಾಳಿ ಆಡೋಕೆ ಜಾಗ ಬಿಟ್ಟು, ಸಾಲಾಗಿ ಜೋಡಿಸಿದ್ದಾರೆ. ಮೊದಲೇ ಹೋಗಿದ್ದ ಎರಡು ಕೇಸರಿ ಡಬ್ಬಿ ಬಿಟ್ಟರೆ ಎಲ್ಲವೂ ಇದ್ದವು.

"ಇದೇನಣ್ಣ ಇದು?" ಅಂದರು ಯಜಮಾನರು.

"ಕಾಪಾಡಿ ಅಂತ ಆಯಮ್ಮ ನನ್ನ ಕೇಳ್ಕೊಂಡ್ಲು. ಬೆಲೆ ಬಾಳೋ ಮಾಲನ್ನ ಯಾರಾದ್ರೂ ಜನದ ಕೈಗೆ ಸಿಗೋ ಹಂಗೆ ನೇತಾಕ್ತಾರಾ? ಆಯಮ್ಮ ಕಾಫಿಗೆ ಹೋದಾಗ ಎರಡೆರಡು ತಂದು ಮೇಲಕ್ಕೆ ಹಾಕ್ದೆ. ನಿಮ್ಮಪ್ಪಾರು ಕಾಯಿನ ಒಣಗಿ ಕೊಬ್ಬರಿ ಆಗ್ಲಿ ಅಂತ ವರ್ಷಗಟ್ಟಲೆ ಎಲ್ಲಿಡ್ತಿದ್ರು? ಅಟ್ಟದ ಮೇಲೆ ತಾನೇ?"

"ಒಂದು ಮಾತು ಹೇಳ್ಬಾರ್ದಾ?"

"ಹೇಳಿದ್ರೆ ಅದು ಗುಟ್ಟು ಹೆಂಗಾಯ್ತದೆ ಸ್ವಾಮಿ?"

"ಸರಿ, ಇಟ್ರಿ. ಮಾರೋದು ಯಾವಾಗ?"

"ರೇಟ್ ಬಂದಾಗ! ಅಟ್ಟದ ಮಾಲು, ಕೊಳೆಯುತ್ತಾ, ಕೆಡುತ್ತಾ? ನಿಮಗ್ಯಾಕೆ ಆತುರ?"

ಯಜಮಾನರು ಗೋಣಿಚೀಲದ ಮೇಲೇ ಕುಸಿದು ಕೂತು, ಹೊಟ್ಟೆ ಹಿಡ್ಕೊಂಡು ನಕ್ಕರು. ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿ, "ತಪ್ಪಾಯ್ತು ಕಣಮ್ಮ. ಇಬ್ಬರೂ ಕೆಲಸಕ್ಕೆ ಹೋಗಿ" ಅಂದರು. ನಾನು ಗೇಟಣ್ಣನಿಗೆ ಕೈಮುಗಿದೆ. ಸಿಟ್ಟು ಬರಲಿಲ್ವಾ ಅಂತೀರಾ? ಬಂತು, ಕೆಂಡದಂಥ ಸಿಟ್ಟು ಬಂತು. ಆದರೆ ನಾನು ಅಳೋದು ನೋಡಲಾರದೆ ತಮ್ಮ ಅನ್ನಾನೇ ಪಣಕ್ಕಿಟ್ಟ ಮನುಷ್ಯನ ಮೇಲೆ ಎಷ್ಟೊತ್ತು ಸಿಟ್ಟು ಮಾಡ್ತೀರಿ?

ಇಬ್ಬರೂ ಸೇರಿ ಮಾಲು ಇಳಿಸೋಕೆ ಶುರುಮಾಡಿದೆವು. ನಾನು ಮೇಲಿಂದ ಕೊಡೋದು, ಅವರು ಏಣಿ ಮೇಲೆ ನಿಂತು ತಗೊಳ್ಳೋದು. ಒಂದು ಏಲಕ್ಕಿ ಪ್ಯಾಕೆಟ್ಟನ್ನ ಕಣ್ಣ ಹತ್ತಿರ ಹಿಡಿದು, "ಇಲ್ಲಿ ಮೂಲೇಲಿ ಇಂಗ್ಲಿಷ್‌ನಾಗೆ ಸಣ್ಣಕ್ಕೆ ಏನೋ ಬರೆದವ್ರಲ್ಲ, ಏನವ್ವ ಇದು?" ಅಂದರು.

"ರೇಟು ಅಣ್ಣ. ಕಂಪನಿಯೋರೇ ಹಾಕಿ ಕಳಿಸ್ತಾರೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿಗೆ ಮಾರೋ ಹಂಗಿಲ್ಲ."

"ವರ್ಷ ಇಟ್ರೂ?"

"ನೂರು ವರ್ಷ ಇಟ್ರೂ ಅಷ್ಟೇ."

ಗೇಟಣ್ಣ ಏಣಿ ಮೆಟ್ಟಿಲ ಮೇಲೇ ಕೂತುಬಿಟ್ಟರು. ಆ ಪ್ಯಾಕೆಟ್ಟನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಅದನ್ನ ನನ್ನ ಕೈಗೇ ವಾಪಸ್ ಹಾಕಿ, "ಥೂ, ಹೋಗಿ ಹೋಗಿ ಇದಕ್ಕೆ ಇಷ್ಟು ದಿನ ಕಾವಲು ಕಾದ್ನಲ್ಲವ್ವ! ಬೆಲೆನೇ ಏರದೇ ಇರೋ ಮಾಲನ್ನ ಯಾವ ತಲೆಕೆಟ್ಟ ಕಳ್ಳ ಕದ್ದಾನು? ಹೋಗು, ಬಾಗಿಲಲ್ಲೇ ನೇತಾಕು" ಅಂದರು.