ಮೇಷ್ಟ್ರ ಡಿಸ್ಕಿಗೆ ನಾನು ಹಾಕಿಸಿದ ಬೀಗ

ಕಂಪ್ಯೂಟರ್ ಕೆಲಸದವನು ಅಂತ ಗೊತ್ತಾದರೆ ಮುಗಿಯಿತು, ಪರಿಚಯದವರ ಲ್ಯಾಪ್‌ಟಾಪುಗಳೆಲ್ಲ ನನ್ನ ರಜಾದಿನವನ್ನೇ ಕಾದು ಕೆಡುತ್ತವೆ. ಲಾಕ್‌ಡೌನ್‌ನಲ್ಲಂತೂ ಇಲ್ಲಿ ಐರ್ಲೆಂಡಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವ ಹಾಗಿರಲಿಲ್ಲ. ನಾನು ಸ್ವೋರ್ಡ್ಸ್‌ನಲ್ಲಿ, ನಮ್ಮ ಮಕ್ಕಳ ಕನ್ನಡ ಶಾಲೆಯ ಮೇಷ್ಟ್ರು ಕ್ಯಾಸಲ್‌ನಾಕ್‌ನಲ್ಲಿ. ಎಲ್ಲ ರಿಪೇರಿಯೂ ಫೋನಿನಲ್ಲೇ.

೧. ಸ್ಪೇಸ್

ಮಕ್ಕಳ ವಿವರ ಇರುವ ಲ್ಯಾಪ್‌ಟಾಪಿನ ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಹಾಕಲೇಬೇಕು ಅಂತ ಶಾಲೆಯ ಕಮಿಟಿ ಹಟ ಹಿಡಿಯಿತು. ಹಾಕಿಸುವವನು ಯಾರು? ನಾನೇ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು, ಒಂದಕ್ಷರ ತಪ್ಪಿದರೂ ಎರರ್.

“ಈಗ ಒಂದು ಸ್ಪೇಸ್ ಕೊಡಿ ಮೇಷ್ಟ್ರೇ.”

“ಕೊಟ್ಟೆ.”

ಮೂರು ಸಲ ಕೊಡಿಸಿದೆ, ಮೂರು ಸಲವೂ ಎರರ್. ಫೋನನ್ನು ಮೇಜಿನ ಮೇಲಿಟ್ಟಿದ್ದರು. ಪ್ರತಿ ಸಲವೂ ಅವರ ದನಿ ದೂರವಾಗುತ್ತಿತ್ತು.

“ಎಲ್ಲಿಗೆ ಹೋಗ್ತೀರಿ ಮೇಷ್ಟ್ರೇ?”

“ಇನ್ನೆಷ್ಟು ಸ್ಪೇಸ್ ಕೊಡ್ಲಪ್ಪ? ಕುರ್ಚಿ ಗೋಡೆಗೆ ತಾಗಿಬಿಟ್ಟಿದೆ.”

೨. ಗ್ರ್ಯಾಂಡ್

ಅಂತೂ ಬೀಗ ಬಿತ್ತು. ಮುಂದಿನ ಶನಿವಾರ ತೆಗೆಯಲು ಹೋದರೆ ಪಾಸ್‌ವರ್ಡ್ ತಪ್ಪಂತೆ. ನಾಲ್ಕಕ್ಕೆ ಆನ್‌ಲೈನ್ ಕ್ಲಾಸು. ಮೇಷ್ಟ್ರು ಮೂರು ತಿಂಗಳು ಒಂದೇ ಬೆರಳಲ್ಲಿ ಕುಟ್ಟಿದ ಪಾಠಗಳೆಲ್ಲ ಅದರೊಳಗೆ, ಇನ್ನೊಂದು ಪ್ರತಿ ಇಲ್ಲ. ಲ್ಯಾಪ್‌ಟಾಪ್ ಮಾರಿದ ಅಂಗಡಿಗೆ ಫೋನ್ ಮಾಡಿದೆ. ಡಿಸ್ಕಿನ ಲೇಬಲ್ ಮೇಲಿನ ಉದ್ದದ ನಂಬರ್ ಟೈಪ್ ಮಾಡಿದರೆ ಬೀಗ ಬಿಡುತ್ತದೆ, ಎಲ್ಲ ಗ್ರ್ಯಾಂಡ್ ಎಂದ ಅಲ್ಲಿನವನು. ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಅಂದರೆ ಏನೂ ತೊಂದರೆಯಿಲ್ಲ ಅಂತ.

“ಒಳಗಿರೋ ಫೈಲುಗಳು?”

“ಅವೆಲ್ಲ ಅಳಿಸಿಹೋಗುತ್ತವೆ. ಅದೊಂದು ಬಿಟ್ಟರೆ ಗ್ರ್ಯಾಂಡ್.”

ಮೈಯೆಲ್ಲ ಉರಿದುಹೋಯಿತು. ಮನೆ ಸುಟ್ಟು ಬೀಗ ತೆಗೆಯುವುದಕ್ಕೆ ಗ್ರ್ಯಾಂಡ್ ಬೇರೆ ಕೇಡು.

೩. ಬಾಗ್ಲು

ಮೂರೂವರೆಯಾಯಿತು. “ಹೋದ್ರೆ ಹೋಗ್ಲಿ ಬಿಡಪ್ಪ, ಮತ್ತೆ ಬರೀತೀನಿ” ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ. ಅದನ್ನು ಕೇಳಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಬೆಳಗಿಂದ ಪಾಸ್‌ವರ್ಡನ್ನು ಬಿ, ಎ, ಎ, ಜಿ, ಎಲ್, ಯು ಅಂತ ಬಿಡಿಸಿ ಬಿಡಿಸಿ ಹೇಳಿ ಒತ್ತಿಸಿದ್ದೆ. ನಂಬರ್ ಹೊಡೆಸುವ ಮುಂಚೆ ಕೊನೆಯ ಸಲ ಕೇಳಿದೆ.

“ಮೊದಲನೇ ದಿನ ನಾನು ಬಾಗ್ಲು ಅಂತ ಹೇಳ್ದೆ. ಅದನ್ನೇ ತಾನೇ ಬರೆದಿದ್ದು?”

“ಬಾಗ್ಲು ಅನ್ನೋದು ಆಡುಮಾತು ಕಣಪ್ಪ. ಅವತ್ತು ತಿದ್ದಿ ಬಾಗಿಲು ಅಂತ ಬರೆದೆ.”

“ಮತ್ತೆ ಇವತ್ತು?”

“ಇವತ್ತು ನೀನು ಸಿಟ್ಟಲ್ಲಿದ್ದೆ. ಪದೇ ಪದೇ ತಿದ್ದಿ ನೋಯಿಸೋದು ಯಾಕೆ ಅಂತ ನಿನ್ನ ತಪ್ಪನ್ನೇ ಬರೆದೆ.”

ಹಲ್ಲು ಕಚ್ಚಿಕೊಂಡು ನಡುವೆ ಒಂದು ಐ ಸೇರಿಸಿ ಎಂದೆ. ಡಿಸ್ಕ್ ತೆರೆಯಿತು, ಪಾಠಗಳೆಲ್ಲ ಇದ್ದವು. ಮೇಷ್ಟ್ರು ನಿಟ್ಟುಸಿರು ಬಿಟ್ಟರು.

“ಐರ್ಲೆಂಡಿನ ಡಿಸ್ಕಿಗೆ ಗೊತ್ತಿರೋ ಕನ್ನಡ ನಿನಗೆ ಗೊತ್ತಿಲ್ವಲ್ಲಪ್ಪ.”